ಉರುಳು ಹಾಕೋ ಮುಂಚೆ ಹಿಕ್ಕೆ ನೋಡಿ

ಇವತ್ತು ಬರೀತಿರೋದು ಹಿಕ್ಕೆ ಬಗ್ಗೆ. ನಗಬೇಡಿ. ಬೆಳಗೆದ್ದು ಸಗಣಿ ಬಾಚೋ ಜನ ನಾವು, ಇದರಲ್ಲಿ ಅಸಹ್ಯ ಪಡೋದು ಏನೂ ಇಲ್ಲ. ದನದ್ದು ಸಗಣಿ, ಆನೆ ಕುದುರೆಯದು ಲದ್ದಿ, ಕುರಿ ಮೇಕೆ ಮೊಲದ್ದು ಹಿಕ್ಕೆ ಅಂತ ನಮ್ಮ ಹಿರಿಯರು ಒಂದೊಂದಕ್ಕೂ ಬೇರೆ ಹೆಸರು ಇಟ್ಟಿದ್ರು. ನೋಡಿ ಗುರುತು ಹಿಡೀತಿದ್ದರು, ಅದಕ್ಕೇ ಹೆಸರು ಬೇಕಿತ್ತು. ನಾವು ನೋಡೋದನ್ನೇ ಬಿಟ್ಟಿದ್ದೀವಿ. ಬೆಳೆ ಹಾಳಾಗಿದ್ರೆ ಸಾಕು, "ಹಂದಿ" ಅಂತೀವಿ, ಉರುಳು ತರ್ತೀವಿ.

ಸಾವನದುರ್ಗದ ಕಾಡಂಚಿನಲ್ಲಿ ನನ್ನ ಜಮೀನು. ಈ ಮಳೆಗಾಲ ಹೊಸದಾಗಿ 22 ತೆಂಗಿನ ಸಸಿ ಹಾಕಿದ್ದೆ. ಮೂರು ರಾತ್ರಿಯಲ್ಲಿ 7 ಸಸಿ ಹೋದವು. ಬುಡದ ಮಣ್ಣು ಕೆದಕಿದೆ, ಗರಿ ಹಾಗೇ ಪಕ್ಕಕ್ಕೆ ಬಿದ್ದಿದೆ, ಬುಡದ ಎಳೇ ತಿರುಳು ಮಾತ್ರ ಇಲ್ಲ. ಪಕ್ಕದ ಹೊಲದ ಅಣ್ಣ ಬಂದು ನೋಡಿದವರೇ, "ಹಂದಿ ಕಣಪ್ಪ, ಇನ್ನೇನು. ಬೇಲಿ ತೂತಿಗೆ ಎರಡು ಉರುಳು ಹಾಕು, ಸರಿ ಹೋಯ್ತದೆ" ಅಂದ್ರು.

ನಾನು ಬಗ್ಗಿ ನೋಡಿದೆ. ಸಸಿಯಿಂದ ಎರಡು ಮಾರು ದೂರದಲ್ಲಿ ಬದುವಿನ ಮೇಲೆ ಒಂದು ಹಿಡಿಯಷ್ಟು ಹಿಕ್ಕೆ ಇತ್ತು. ಕಪ್ಪು ಕಂದು ಬಣ್ಣ, ಒಂದೊಂದೂ ಸುಮಾರು ಒಂದು ಅಂಗುಲ, ಎರಡು ತುದಿ ಚೂಪು, ಸಿಪ್ಪೆ ಸಮೇತ ಇರೋ ಕಡ್ಲೆಕಾಯಿ ಥರ. ಎರಡು ಮೂರು ಹಿಕ್ಕೆ ನಾರಿನಲ್ಲಿ ಒಂದಕ್ಕೊಂದು ಪೋಣಿಸಿದ ಹಾಗೆ ಅಂಟಿಕೊಂಡಿದ್ದವು. ಕಡ್ಡಿಯಲ್ಲಿ ಒಡೆದು ನೋಡಿದ್ರೆ ಒಳಗೆಲ್ಲ ಮರದ ಹೊಟ್ಟು, ನಾರು. ಹುಳದ ಚೂರಿಲ್ಲ, ಕೂದಲಿಲ್ಲ, ಕಾಳಿಲ್ಲ. ಹಂದಿಯದಲ್ಲ. ಇದು ಮುಳ್ಳುಹಂದಿ.

ಮನೆಗೆ ಬಂದು ಹೇಳಿದೆ. ನನ್ನ ತಮ್ಮನ ಮಗ ಕಾಲೇಜಿಗೆ ಹೋಗೋನು, ತಕ್ಷಣ ಫೋನು ತೆಗೆದ. "ದೊಡ್ಡಪ್ಪ, ಮುಳ್ಳುಹಂದಿ ತೋಟಕ್ಕೆ ಒಳ್ಳೇದಂತೆ. ಬಸವನಹುಳ, ಗೊಬ್ಬರದ ಹುಳ ತಿನ್ನುತ್ತಂತೆ. ಅದು ಓಡಾಡೋಕೆ ಬೇಲಿಯಲ್ಲಿ ತೂತು ಬಿಡಬೇಕಂತೆ, ಕುಡಿಯೋಕೆ ನೀರು ಇಡಬೇಕಂತೆ" ಅಂದ. ನನಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಏಳು ಸಸಿ ತಿಂದೋನಿಗೆ ನೀರು ಬೇರೆ ಇಡಬೇಕಾ?

ಆಮೇಲೆ ಫೋಟೋ ನೋಡಿದಾಗ ವಿಷಯ ತಿಳೀತು. ಅವನು ನೋಡ್ತಿದ್ದಿದ್ದು ಹೆಡ್ಜ್‌ಹಾಗ್ ಅನ್ನೋ ಪ್ರಾಣಿ. ಇಂಗ್ಲೆಂಡಿನ ಕಡೆ ಮನೆ ಹಿತ್ತಲಿನಲ್ಲಿ ಇರೋದು, ಬೊಗಸೆಯಲ್ಲಿ ಹಿಡಿಯೋವಷ್ಟು ಚಿಕ್ಕದು, ಹೆದರಿದ್ರೆ ಚೆಂಡಿನ ಥರ ಸುತ್ತಿಕೊಳ್ಳುತ್ತೆ. ಅದರ ತಿಂಡಿ ಹುಳ ಹುಪ್ಪಟೆ. ಅದರ ಹಿಕ್ಕೆ ಕಿರುಬೆರಳಿನ ದಪ್ಪ, ಕಪ್ಪಗೆ, ಒಳಗೆ ಜೀರುಂಡೆಯ ರೆಕ್ಕೆ ಚೂರು ಮಿಣಮಿಣ ಹೊಳೀತಾ ಇರುತ್ತೆ. ಅಲ್ಲಿ ಅದು ಕಡಿಮೆಯಾಗ್ತಿದೆ ಅಂತ ಜನ ಬೇಲಿಯಲ್ಲಿ ತೂತು ಬಿಟ್ಟು ಕಾಪಾಡ್ತಾರೆ. ಅವರಿಗೆ ಅದು ಸರಿ. ನಮ್ಮ ಪಕ್ಕದ ತಮಿಳುನಾಡಿನ ಒಣ ಸೀಮೆಯಲ್ಲೂ ಅದರ ದಾಯಾದಿ ಒಂದಿದೆ, ಅಲ್ಲಿನವರು ಅದನ್ನ ಮುಳ್ಳೆಲಿ ಅಂತಾರೆ. ಒಳ್ಳೇ ಹೆಸರು. ನಮ್ಮ ಕಡೆ ನಾನಂತೂ ಇಷ್ಟು ವರ್ಷದಲ್ಲಿ ಅದನ್ನ ಕಂಡಿಲ್ಲ, ನಮ್ಮಪ್ಪನ ಬಾಯಲ್ಲೂ ಕೇಳಿಲ್ಲ.

ಫೋನು ಎರಡಕ್ಕೂ ಮುಳ್ಳುಹಂದಿ ಅಂತಲೇ ಕನ್ನಡ ಮಾಡುತ್ತೆ. ನಮ್ಮ ಬಂಡೆ ಸಂದಿಯ ಮುಳ್ಳುಹಂದಿ ಹತ್ತು ಹದಿನೈದು ಕೇಜಿ ತೂಗೋ ಪ್ರಾಣಿ. ಅದು ಹಂದಿ ಜಾತಿಯೂ ಅಲ್ಲ, ಇಲಿ ಹೆಗ್ಗಣದ ಕಡೆಯದು. ಗೆಡ್ಡೆ, ಬೇರು, ತೊಗಟೆ, ಬಿದ್ದ ಹಣ್ಣು ಅದರ ಊಟ. ಹೆಸರು ಒಂದೇ ಅಂತ ಅಲ್ಲಿಯ ಮದ್ದು ಇಲ್ಲಿಗೆ ತಂದ್ರೆ ಆಗಲ್ಲ. ಅಲ್ಲಿ ತೂತು ಬಿಡಬೇಕು, ಇಲ್ಲಿ ಮುಚ್ಚಬೇಕು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ. ಎಂಟು ವರ್ಷದ ಹಿಂದೆ ಇದೇ ಹೊಲದಲ್ಲಿ ಗೆಣಸು ಹಾಕಿದ್ದೆ. ರಾತ್ರೋರಾತ್ರಿ ಸಾಲು ಕೆದಕಿ ಹೋಗ್ತಿತ್ತು. ಆಗ ನಾನೂ ಹಂದಿ ಅಂತಲೇ ತೀರ್ಮಾನ ಮಾಡಿ, ಬೇಲಿ ತೂತಿಗೆ ಬೈಕಿನ ಕ್ಲಚ್ ವೈರಿನ ಉರುಳು ಹಾಕಿದೆ. ಎರಡನೇ ಬೆಳಗ್ಗೆ ಹೋಗಿ ನೋಡಿದ್ರೆ ಉರುಳಿನಲ್ಲಿ ಇದ್ದದ್ದು ನಮ್ಮ ಮನೆ ನಾಯಿ. ಕಾವಲಿಗೆ ಅಂತ ನಾನೇ ಹೊಲದಲ್ಲಿ ಬಿಟ್ಟಿದ್ದೆ. ಸೊಂಟಕ್ಕೆ ವೈರು ಬಿಗಿದು, ಒದ್ದಾಡಿದಷ್ಟೂ ಕುಯ್ದುಕೊಂಡು ಹೋಗಿತ್ತು. ನನ್ನನ್ನ ನೋಡಿ ಬಾಲ ಅಲ್ಲಾಡಿಸ್ತು. ಸಂಜೆಗೆ ಹೋಯ್ತು. ಅವತ್ತು ಅದೇ ಬೇಲಿ ಪಕ್ಕದಲ್ಲಿ ಇದೇ ಕಡ್ಲೆಕಾಯಿ ಥರದ ಹಿಕ್ಕೆ ಬಿದ್ದಿತ್ತು. ನಾನು ನೋಡಿದ್ದೆ, ಯಾರದೋ ಮೇಕೆ ಬಂದಿರಬೇಕು ಅಂದುಕೊಂಡು ದಾಟಿ ಹೋಗಿದ್ದೆ. ಈ ಸಲ ಬದುವಿನ ಮೇಲೆ ಅದೇ ಹಿಕ್ಕೆ ನೋಡಿದಾಗ ಆ ನಾಯಿಯ ನೆನಪಾಯ್ತು. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ನಮ್ಮ ಸೀಮೆಯಲ್ಲಿ ಬೇಲಿ ಪಕ್ಕ ಸಿಗೋದನ್ನ ನಾನು ಗುರುತು ಹಿಡಿಯೋದು ಹೀಗೆ.

ಮೊಲ: ಕಡಲೆಕಾಳಿನ ಹಾಗೆ ದುಂಡಗೆ, ಸ್ವಲ್ಪ ಚಪ್ಪಟೆ. ಒಣಗಿದ ಮೇಲೆ ಹುಲ್ಲಿನ ಬಣ್ಣ. ಒಡೆದ್ರೆ ಹುಲ್ಲಿನ ಪುಡಿ.

ಹೆಗ್ಗಣ: ಒಂದು ಅಂಗುಲಕ್ಕಿಂತ ಚಿಕ್ಕದು, ಅಲ್ಲೊಂದು ಇಲ್ಲೊಂದು ಚೆಲ್ಲಿರುತ್ತೆ. ಹತ್ತಿರದಲ್ಲೇ ಬಿಲ, ಬಿಲದ ಬಾಯಲ್ಲಿ ಸಡಿಲ ಮಣ್ಣಿನ ಗುಡ್ಡೆ ಇರುತ್ತೆ. ಸಸಿಯನ್ನ ಕೆಳಗಿನಿಂದ ಕಡಿಯುತ್ತೆ.

ಮುಳ್ಳುಹಂದಿ: ಮೇಲೆ ಹೇಳಿದ ಹಾಗೆ. ಒಂದೇ ಜಾಗದಲ್ಲಿ ಗುಂಪಾಗಿ ಬಿದ್ದಿರುತ್ತೆ, ಒಳಗೆ ನಾರು. ಮರದ ಬುಡ, ಸಸಿಯ ಬುಡದಲ್ಲಿ ಉಳಿಯಿಂದ ಕೆತ್ತಿದ ಹಾಗೆ ಎರಡು ಅಗಲ ಹಲ್ಲಿನ ಗುರುತು. ಕರಿ ಬಿಳಿ ಪಟ್ಟೆಯ ಒಂದು ಮುಳ್ಳು ಸಿಕ್ಕಿದ್ರೆ ಮುಗೀತು, ಬೇರೆ ಸಾಕ್ಷಿ ಬೇಡ.

ಕಾಡುಹಂದಿ: ಚಿಕ್ಕ ಚಿಕ್ಕ ಬಿಲ್ಲೆಗಳನ್ನ ಒಂದರ ಮೇಲೊಂದು ಒತ್ತಿ ಅಂಟಿಸಿದಂಥ ಉಂಡೆ. ನಾತ ಜಾಸ್ತಿ. ಒಳಗೆ ಅರೆಬರೆ ಅರಗಿದ ಕಾಳು, ಸಿಪ್ಪೆ. ನೆಲ ನೇಗಿಲು ಹೊಡೆದ ಹಾಗೆ ಉದ್ದಕ್ಕೂ ಮಗುಚಿರುತ್ತೆ, ಗೊರಸಿನ ಗುರುತು ಇರುತ್ತೆ.

ಪುನುಗು ಬೆಕ್ಕು: ಬಂಡೆ ಮೇಲೆ, ಗೋಡೆ ಮೇಲೆ, ಎಲ್ಲರಿಗೂ ಕಾಣೋ ಜಾಗದಲ್ಲಿ ಹೋಗುತ್ತೆ. ಹಣ್ಣಿನ ಕಾಲದಲ್ಲಿ ಬರೀ ಬೀಜವೇ ಇರುತ್ತೆ.

ಕರಡಿ: ದೊಡ್ಡ ಗುಡ್ಡೆ. ಗೆದ್ದಲು, ಇರುವೆ ಚೂರು, ಇಲ್ಲಾ ನೇರಳೆ, ಬೋರೆ, ಕಕ್ಕೆ ಬೀಜ. ಇದು ಹೊಸದಾಗಿ ಕಂಡ್ರೆ ಅವತ್ತು ಬೆಳಗಿನ ಜಾವ ಒಬ್ಬರೇ ಹೊಲಕ್ಕೆ ಹೋಗಬೇಡಿ.

ಚಿರತೆ: ಕಾಲುದಾರಿಯ ಮಧ್ಯದಲ್ಲೇ ಇರುತ್ತೆ. ಹುರಿ ಹೊಸೆದ ಹಾಗೆ, ಒಳಗೆ ಕೂದಲು, ಮೂಳೆ ಚೂರು. ಬಿಸಿಲಿಗೆ ಬೆಳ್ಳಗಾಗುತ್ತೆ. 2020ರ ಮೇ ತಿಂಗಳಲ್ಲಿ ನಮ್ಮ ಮಾಗಡಿ ತಾಲ್ಲೂಕಿನಲ್ಲೇ ಮನೆಯಲ್ಲಿ ಮಲಗಿದ್ದ ಮಗುವನ್ನ ಚಿರತೆ ಹೊತ್ತೊಯ್ದಿದ್ದು ಯಾರೂ ಮರೆತಿಲ್ಲ. ಇದು ಕಂಡ್ರೆ ಮಕ್ಕಳನ್ನ ಸಂಜೆ ಹೊರಗೆ ಬಿಡಬೇಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ.

ಯಾವುದನ್ನೂ ಬರಿಗೈಲಿ ಮುಟ್ಟಬೇಡಿ, ಕಡ್ಡಿಯಲ್ಲಿ ಒಡೆದು ನೋಡಿ, ಕೈ ತೊಳೀರಿ. ಹಿಕ್ಕೆ ಒಂದನ್ನೇ ನಂಬಬೇಡಿ. ಹಿಕ್ಕೆ, ಹೆಜ್ಜೆ, ಹಲ್ಲಿನ ಗುರುತು ಮೂರೂ ಒಂದೇ ಮಾತು ಹೇಳಿದ್ರೆ ಆಗ ತೀರ್ಮಾನ ಮಾಡಿ.

"ಯಾವುದಾದ್ರೇನು, ಬೆಳೆ ಹೋಯ್ತಲ್ಲ" ಅನ್ನೋರು ಇದ್ದಾರೆ. ಅವರ ಹೊಟ್ಟೆಯುರಿ ನನಗೆ ಗೊತ್ತು. ಪ್ರಾಣಿ ಮೇಲೆ ಪ್ರೀತಿ ಉಕ್ಕಿ ನಾನು ಈ ಮಾತು ಹೇಳ್ತಿಲ್ಲ. ಬೆಂಗಳೂರಿಂದ ಶನಿವಾರ ಭಾನುವಾರ ಬೆಟ್ಟ ಹತ್ತೋಕೆ ಬರೋರಿಗೆ ಮುಳ್ಳುಹಂದಿ ಕಂಡ್ರೆ ಖುಷಿ, ನನಗೆ ಖುಷಿ ಏನಿಲ್ಲ. ನನ್ನ ಮಾತು ಲೆಕ್ಕದ್ದು. ಪ್ರಾಣಿ ಯಾವುದು ಅಂತ ತಪ್ಪಿದ್ರೆ ಹಾಕಿದ ದುಡ್ಡೂ ದಂಡ. ಹಂದಿಗೆ ಅಂತ ಎತ್ತರಕ್ಕೆ ತಂತಿ ಕಟ್ಟಿದ್ರೆ ಮುಳ್ಳುಹಂದಿ ಅಡಿಯಿಂದ ತೋಡಿ ಬರುತ್ತೆ. ಸೋಲಾರ್ ಬೇಲಿ ತಂತಿ ಅದರ ಮುಳ್ಳಿಗೆ ತಾಗಿದ್ರೆ ಶಾಕ್ ಸರಿಯಾಗಿ ಹತ್ತಲ್ಲ. ಹೆಗ್ಗಣಕ್ಕೆ ಬೋನು ಇಡಬೇಕಾದ ಕಡೆ ರಾತ್ರಿಯೆಲ್ಲ ಪಟಾಕಿ ಹೊಡೆದು ಕೂತ್ರೆ ನಿದ್ದೆಗೇಡು ಅಷ್ಟೇ.

ಇನ್ನು ಉರುಳು, ಕರೆಂಟು ವೈರು. ಉರುಳಿಗೆ ಕಣ್ಣಿಲ್ಲ. ಹಂದಿ ಬರುತ್ತೆ ಅಂತ ಹಾಕಿದ್ದಕ್ಕೆ ನಾಯಿ ಬೀಳುತ್ತೆ, ಮೇಕೆ ಬೀಳುತ್ತೆ, ಚಿರತೆ ಬೀಳುತ್ತೆ. ಉರುಳಿಗೆ ಬಿದ್ದು ಅರೆಜೀವದಲ್ಲಿರೋ ಚಿರತೆ ಮುಂದೆ ಬೆಳಗ್ಗೆ ನೀರು ಕಟ್ಟೋಕೆ ಹೋಗೋರು ನಾವೇ, ನಮ್ಮ ಹೆಣ್ಣುಮಕ್ಕಳೇ. ಲೈನಿಂದ ನೇರ ಬೇಲಿಗೆ ಕರೆಂಟು ಕೊಟ್ಟವರ ಕಥೆ ಇನ್ನೂ ಕೆಟ್ಟದ್ದು. ಕಟ್ಟಿದೋನೇ ಮರೆತು ಮುಟ್ಟಿ ಸತ್ತ ಸುದ್ದಿ ಪೇಪರಿನಲ್ಲಿ ಓದ್ತಾನೇ ಇರ್ತೀವಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮುಳ್ಳುಹಂದಿ ಕೊಂದ್ರೂ ಕೇಸು. ವಿಷ ಇಡೋರು ಇದನ್ನೂ ಯೋಚನೆ ಮಾಡಿ: ವಿಷ ತಿಂದು ಸತ್ತಿದ್ದನ್ನ ತಿನ್ನೋಕೆ ನಾಯಿ ಬರುತ್ತೆ, ನರಿ ಬರುತ್ತೆ, ಹದ್ದು ಬರುತ್ತೆ. ನಮ್ಮ ಪಕ್ಕದ ರಾಮದೇವರಬೆಟ್ಟವನ್ನ 2012ರಲ್ಲಿ ರಣಹದ್ದಿನ ಧಾಮ ಅಂತ ಮಾಡಿದ್ದಾರೆ. ಉಳಿದಿರೋ ನಾಲ್ಕು ಹಕ್ಕಿಗೂ ನಮ್ಮ ಹೊಲದ ವಿಷ ಹೋಗೋದು ಬೇಡ.

ಹಾಗಾದ್ರೆ ನಾನೇನು ಮಾಡಿದೆ? ಉಳಿದ 15 ಸಸಿಗೂ ಸುತ್ತ ಕಬ್ಬಿಣದ ಜಾಲರಿ ಸುತ್ತಿದೆ. ಒಂದು ಅಡಿ ನೆಲದೊಳಗೆ, ಮೂರು ಅಡಿ ಮೇಲೆ. ಹೂಳುವಾಗ ತುದಿಯನ್ನ ಹೊರಕ್ಕೆ ಬಗ್ಗಿಸಿ ಹೂಳಬೇಕು, ಅದು ತೋಡುವಾಗ ಜಾಲರಿಯೇ ಕೈಗೆ ಸಿಗುತ್ತೆ. ಪ್ಲಾಸ್ಟಿಕ್ ಜಾಲರಿ ಬೇಡ, ಒಂದೇ ರಾತ್ರಿಯಲ್ಲಿ ಕಡಿಯುತ್ತೆ. ಮುಳ್ಳುಹಂದಿಗೆ ಬಂದ ದಾರಿಯಲ್ಲೇ ಮತ್ತೆ ಬರೋ ಚಾಳಿ. ಹಿಕ್ಕೆ ಬಿದ್ದಿದ್ದ ಜಾಗದಿಂದ ಹಿಂದಕ್ಕೆ ನಡೆದು ಹೋಗಿ ಬೇಲಿಯ ತೂತು ಹುಡುಕಿದೆ. ಕತ್ತಾಳೆ ಸಾಲಿನ ಅಡಿಯಲ್ಲಿ ಸವೆದು ನುಣ್ಣಗಾಗಿತ್ತು. ಅಲ್ಲಿ ದಪ್ಪ ಕಲ್ಲು ಹೂತು ಮುಚ್ಚಿದೆ. ಬೇಲಿ ಪಕ್ಕದ ಲಂಟಾನ ಪೊದೆ ಒಂದು ಮಾರು ಅಗಲಕ್ಕೆ ಸವರಿದೆ, ಮರೆ ಇಲ್ಲದ ಕಡೆ ಅದು ಬರೋಕೆ ಹಿಂಜರಿಯುತ್ತೆ. ಬುಡದಲ್ಲಿ ಬಿದ್ದ ಮಾವು, ಹಲಸು ರಾತ್ರಿಗೆ ಬಿಡಬೇಡಿ, ಅದೇ ಅದಕ್ಕೆ ಕರೆಯೋಲೆ. ಗೆಣಸು ಬಲಿತ ಮೇಲೆ ರೇಟಿಗೆ ಅಂತ ನೆಲದಲ್ಲೇ ಬಿಟ್ಟು ಕಾಯಬೇಡಿ.

ಖರ್ಚಾಯ್ತು, ಇಲ್ಲ ಅನ್ನಲ್ಲ. ಆದ್ರೆ ಜಾಲರಿ ಕಟ್ಟಿ ಐದು ವಾರ ಆಯ್ತು, ಒಂದು ಸಸಿಯೂ ಹೋಗಿಲ್ಲ. ಎರಡು ಕಡೆ ತೋಡೋಕೆ ನೋಡಿ ಬಿಟ್ಟು ಹೋಗಿದೆ. ಮೂರು ವರ್ಷ ಕಳೆದು ಬುಡ ಗಟ್ಟಿಯಾದ ಮೇಲೆ ಅದೇ ಜಾಲರಿ ಬಿಚ್ಚಿ ಬೇರೆ ಸಸಿಗೆ ಕಟ್ಟಬಹುದು.

ಇನ್ನೊಂದು ಮಾತು. ಇಲಾಖೆಯವರು ಮಹಜರಿಗೆ ಬರೋ ಹೊತ್ತಿಗೆ ಮಳೆ ಬಂದು ಗುರುತು ಅಳಿಸಿರುತ್ತೆ. ಅದಕ್ಕೇ ನೋಡಿದ ತಕ್ಷಣ ಹಿಕ್ಕೆ, ಹೆಜ್ಜೆ, ಹಾಳಾದ ಬೆಳೆ ಮೂರರ ಫೋಟೋನೂ ತೆಗೆದಿಡಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ತೆಗೀರಿ, ಅಳತೆ ಗೊತ್ತಾಗುತ್ತೆ. ಬರೀ ಬಾಯಲ್ಲಿ "ಪ್ರಾಣಿ ತಿಂತು ಸಾರ್" ಅನ್ನೋದಕ್ಕಿಂತ ಕೈಯಲ್ಲಿ ಸಾಕ್ಷಿ ಇಟ್ಟುಕೊಂಡು ಮಾತಾಡೋದು ಮೇಲು.

ಪಕ್ಕದ ಹೊಲದ ಅಣ್ಣ ಹೋದ ವಾರ ಮತ್ತೆ ಬಂದಿದ್ರು. ಅವರ ಕಡ್ಲೆಕಾಯಿ ಹೊಲದಲ್ಲೂ ಏನೋ ಕೆದಕಿದೆಯಂತೆ. ಇಬ್ಬರೂ ಹೋಗಿ ನೋಡಿದ್ವಿ. ಬಿಲ್ಲೆ ಬಿಲ್ಲೆ ಉಂಡೆ, ಗೊರಸಿನ ಗುರುತು, ಮಗುಚಿದ ಮಣ್ಣು. ಅವರದ್ದು ನಿಜವಾಗ್ಲೂ ಹಂದಿನೇ. "ನಾನು ಹೇಳ್ಲಿಲ್ವಾ" ಅಂತ ನಕ್ರು. ಆದ್ರೆ ಉರುಳು ಹಾಕಲಿಲ್ಲ. ಸೋಲಾರ್ ಬೇಲಿಗೆ ಸಬ್ಸಿಡಿ ಇದೆಯಾ ಅಂತ ಕೇಳೋಕೆ ಸೋಮವಾರ ಇಬ್ಬರೂ ಮಾಗಡಿಗೆ ಹೋಗ್ತಿದ್ದೀವಿ. ಬರೋರು ಇದ್ರೆ ಹೇಳಿ, ಒಟ್ಟಿಗೆ ಹೋಗೋಣ.