ಗುಜರಿಗೂ ಬೇಡವಾದ ಕಾಫಿ ಪೊಟ್ಟಣ

ಕಳೆದ ವರ್ಷ ಎನ್‌ಎಸ್‌ಎಸ್ ಶಿಬಿರದ ಅಂಗವಾಗಿ ನಾವು ಕೆಲವು ಗೆಳತಿಯರು ಬೆಂಗಳೂರಿನ ಒಂದು ಒಣ ತ್ಯಾಜ್ಯ ಸಂಗ್ರಹ ಕೇಂದ್ರದಲ್ಲಿ ಮೂರು ದಿನ ಕಸ ವಿಂಗಡಿಸಿದೆವು. ಹಾಲಿನ ಕವರ್ ಒಂದು ಚೀಲಕ್ಕೆ, ನೀರಿನ ಬಾಟಲಿ ಇನ್ನೊಂದಕ್ಕೆ. ಚಿಪ್ಸ್, ಕಾಫಿಪುಡಿಯ ಪ್ಯಾಕೆಟ್‌ಗಳನ್ನು ಎಲ್ಲಿ ಹಾಕುವುದೆಂದು ಕೇಳಿದೆ. ಅಲ್ಲಿ ಕೆಲಸ ಮಾಡುವ ಅಕ್ಕ ಮೂಲೆಯ ದೊಡ್ಡ ರಾಶಿ ತೋರಿಸಿ, ‘ಒಳಗಡೆ ಬೆಳ್ಳಿ ಥರ ಹೊಳೆಯೋದೆಲ್ಲ ಆ ಕಡೆ ಹಾಕಮ್ಮ, ಅದನ್ನ ಗುಜರಿಯೋರೂ ತಗೊಳಲ್ಲ’ ಎಂದರು. ಹಾಲಿನ ಕವರ್‌ಗೆ ಕಿಲೋ ಲೆಕ್ಕದಲ್ಲಿ ದುಡ್ಡು ಸಿಗುತ್ತದೆ. ಮೂಲೆಯ ರಾಶಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತದೆ.

ಎರಡೂ ಪ್ಲಾಸ್ಟಿಕ್ಕೇ. ಒಂದಕ್ಕೆ ಬೆಲೆ, ಇನ್ನೊಂದಕ್ಕೆ ಬೆಂಕಿ ಏಕೆ? ಉತ್ತರ ಇರುವುದು ನಾವು ಉಸಿರಾಡುವ ಆಮ್ಲಜನಕದಲ್ಲಿ.

ಹಾಲಿನ ಕವರ್ ಪಾಲಿಥೀನ್ ಎಂಬ ಒಂದೇ ಜಾತಿಯ ಪ್ಲಾಸ್ಟಿಕ್. ಪಾಲಿಥೀನ್ ನೀರಿನ ತೇವವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಆಮ್ಲಜನಕವನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ತಣ್ಣಗೆ ಇಟ್ಟು ಒಂದೆರಡು ದಿನದಲ್ಲಿ ಮುಗಿಸುವ ಹಾಲಿಗೆ ಅದರಿಂದ ತೊಂದರೆಯಿಲ್ಲ. ಕಾಫಿಪುಡಿಯ ಕಥೆ ಬೇರೆ. ಅದು ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂರಬೇಕು. ಗಾಳಿ ಸೋಕಿದರೆ ಪರಿಮಳ ಹೋಗುತ್ತದೆ, ಚಿಪ್ಸ್‌ನ ಎಣ್ಣೆಯಾದರೆ ಕಮಟುತ್ತದೆ. ಹಾಗಾಗಿ ಕಾಫಿಪುಡಿಯ ಅನೇಕ ಪೊಟ್ಟಣಗಳಲ್ಲಿ ಮೂರು ಪದರಗಳಿರುತ್ತವೆ. ಹೊರಗೆ ಅಚ್ಚು ಹಾಕಲು ಪೆಟ್, ನಡುವೆ ಗಾಳಿ ತಡೆಯಲು ಕೂದಲೆಳೆಗಿಂತ ತೆಳುವಾದ ಅಲ್ಯೂಮಿನಿಯಂ ಹಾಳೆ, ಒಳಗೆ ಬಿಸಿಗೆ ಅಂಟಿಕೊಳ್ಳುವ ಪಾಲಿಥೀನ್.

ಒಂದೊಂದು ಪದರವೂ ತನ್ನ ಕೆಲಸದಲ್ಲಿ ನಿಪುಣ. ಆದರೆ ಒಮ್ಮೆ ಅಂಟಿಸಿದ ಮೇಲೆ ಬಿಡಿಸುವುದು ಕಷ್ಟ. ಪಾಲಿಥೀನ್ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ, ಪೆಟ್ ಕರಗಲು 250 ಡಿಗ್ರಿ ದಾಟಬೇಕು. ಕಡಿಮೆ ಬಿಸಿಯಲ್ಲಿ ಪೆಟ್ ಚೂರುಚೂರಾಗಿ ಉಳಿಯುತ್ತದೆ, ಹೆಚ್ಚು ಬಿಸಿಯಲ್ಲಿ ಪಾಲಿಥೀನ್ ಕೆಡುತ್ತದೆ. ಕಸ ವಿಂಗಡಿಸುವವರು ಎಷ್ಟೇ ಶ್ರದ್ಧೆಯಿಂದ ದುಡಿದರೂ ಈ ಗಂಟು ಬಿಚ್ಚದು. ಅದನ್ನು ಹಾಕಿದ್ದು ಪೊಟ್ಟಣ ವಿನ್ಯಾಸ ಮಾಡಿದ ಮೇಜಿನ ಮೇಲೆ.

ಬೇರೆ ದಾರಿ ಇದೆಯೇ? ಇದೆ. ಪಾಲಿಥೀನ್ ಹಾಳೆಯನ್ನು ಒಂದು ದಿಕ್ಕಿಗೆ ಎಳೆದು ಬಿಗಿಗೊಳಿಸಿದರೆ ಅದು ಅಚ್ಚಿಗೆ ಒದಗುವಷ್ಟು ಗಟ್ಟಿಯಾಗುತ್ತದೆ, ಹೊರಗಿನ ಪೆಟ್ ಬೇಕಾಗುವುದಿಲ್ಲ. ಅಲ್ಯೂಮಿನಿಯಂ ಹಾಳೆಯ ಜಾಗದಲ್ಲಿ ಇವಿಒಎಚ್ ಎಂಬ ಪ್ಲಾಸ್ಟಿಕ್‌ನ ತೆಳು ಪದರ ಇಡಬಹುದು. ಒಣಗಿದ್ದಾಗ ಅದು ಆಮ್ಲಜನಕವನ್ನು ಪಾಲಿಥೀನ್‌ಗಿಂತ ಸಾವಿರಾರು ಪಟ್ಟು ಚೆನ್ನಾಗಿ ತಡೆಯುತ್ತದೆ. ತೇವ ಸೋಕಿದರೆ ಸೋಲುತ್ತದೆ, ಆದ್ದರಿಂದ ಎರಡು ಪಾಲಿಥೀನ್ ಪದರಗಳ ನಡುವೆ ಅದನ್ನು ಬಚ್ಚಿಡುತ್ತಾರೆ. ಪೊಟ್ಟಣದ ತೂಕದಲ್ಲಿ ಅದು ಶೇ 5 ಮೀರದಿದ್ದರೆ ಪಾಲಿಥೀನ್ ಜೊತೆಯೇ ಮರುಬಳಕೆ ಮಾಡಬಹುದು ಎನ್ನುತ್ತದೆ ಯುರೋಪಿನ ಉದ್ಯಮಗಳ ಸೆಫ್ಲೆಕ್ಸ್ ಕೂಟದ ಮಾರ್ಗಸೂಚಿ.

ಹಾಗಾದರೆ ಕಂಪನಿಗಳು ಏಕೆ ಬದಲಾಗುತ್ತಿಲ್ಲ? ಹೊಸ ಪೊಟ್ಟಣ ದುಬಾರಿ. ಪಾಲಿಥೀನ್ ಹೆಚ್ಚು ಬಿಸಿ ತಡೆಯದ ಕಾರಣ ತುಂಬುವ ಯಂತ್ರದ ವೇಗ ತಗ್ಗಿಸಬೇಕಾಗಬಹುದು. ಇವು ನಿಜವಾದ ಕಷ್ಟಗಳೇ. ಆದರೆ ನನಗೆ ಕಾಣುವ ದೊಡ್ಡ ಅಡ್ಡಿ ನಮ್ಮ ನಿಯಮಗಳಲ್ಲೇ ಇದೆ.

ಮರುಬಳಕೆಯಾಗದ ಬಹುಪದರ ಪ್ಲಾಸ್ಟಿಕ್ಕನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮ ಹೇಳಿತ್ತು. 2018ರ ತಿದ್ದುಪಡಿಯಲ್ಲಿ ‘ಶಕ್ತಿಯನ್ನೂ ಪಡೆಯಲಾಗದ, ಬೇರೆ ಉಪಯೋಗವೂ ಇಲ್ಲದ’ ಎಂಬರ್ಥದ ಮಾತುಗಳು ಸೇರಿದವು. ಅಂದರೆ ಸುಡಲು ಬಂದರೆ ಸಾಕು, ಪೊಟ್ಟಣಕ್ಕೆ ಅಭಯ ಸಿಕ್ಕಿತು.

2022ರ ಫೆಬ್ರುವರಿಯಲ್ಲಿ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿ ಬಂತು. ಪ್ಯಾಕೇಜಿಂಗನ್ನು ವರ್ಗಗಳಾಗಿ ವಿಂಗಡಿಸಿ, ಎಷ್ಟು ಪಾಲು ಮರುಬಳಕೆಯಾಗಬೇಕೆಂದು ಗುರಿ ಕೊಟ್ಟರು. ಇದು ಒಳ್ಳೆಯ ಹೆಜ್ಜೆ. ಆದರೆ ಎರಡನೇ ವರ್ಗವನ್ನು ನೋಡಿ. ಒಂದೇ ಜಾತಿಯ ಪ್ಲಾಸ್ಟಿಕ್ ಕವರ್ ಮತ್ತು ಬೇರೆ ಬೇರೆ ಜಾತಿಯ ಪ್ಲಾಸ್ಟಿಕ್ ಅಂಟಿಸಿದ ಪೊಟ್ಟಣ, ಎರಡೂ ಅಲ್ಲೇ ಇವೆ. 2027–28ಕ್ಕೆ ಗುರಿ ಶೇ 60. ಬೇರ್ಪಡಿಸಲಾಗದ ಪೊಟ್ಟಣ ಮಾರಿದ ಕಂಪನಿ, ಬೇರೆಯವರು ಹಾಲಿನ ಕವರ್ ಮರುಬಳಕೆ ಮಾಡಿ ಪಡೆದ ಪ್ರಮಾಣಪತ್ರ ಕೊಂಡು ಲೆಕ್ಕ ಸರಿಮಾಡಬಹುದು. ಅಲ್ಯೂಮಿನಿಯಂ ಇರುವ ಪೊಟ್ಟಣ ಮೂರನೇ ವರ್ಗಕ್ಕೆ ಸೇರುತ್ತದೆ, ಅದಕ್ಕೂ ಗುರಿ ಅಷ್ಟೇ ಶೇ 60. ಕಷ್ಟಪಟ್ಟು ವಿನ್ಯಾಸ ಬದಲಿಸಿದವರಿಗೂ ಬದಲಿಸದವರಿಗೂ ಒಂದೇ ಅಳತೆಯಾದರೆ ಯಾರು ಬದಲಿಸುತ್ತಾರೆ?

ಯುರೋಪ್ ಒಕ್ಕೂಟ 2025ರಲ್ಲಿ ತಂದ ಪ್ಯಾಕೇಜಿಂಗ್ ಕಾನೂನು ಪೊಟ್ಟಣಕ್ಕೆ ಪರೀಕ್ಷೆಯಂತೆ ಎ, ಬಿ, ಸಿ ಶ್ರೇಣಿ ಕೊಡುತ್ತದೆ. ಶ್ರೇಣಿಗೆ ತಕ್ಕಂತೆ ಶುಲ್ಕ ಏರಿಳಿಯುತ್ತದೆ. ಅಲ್ಲಿಗೆ ಪ್ಯಾಕ್ ಮಾಡಿದ ಆಹಾರ ಕಳಿಸುವ ನಮ್ಮ ಕಂಪನಿಗಳೂ ಅದನ್ನು ಪಾಲಿಸಲೇಬೇಕು. ಹೊರದೇಶಕ್ಕೆ ಮರುಬಳಕೆಯ ಪೊಟ್ಟಣ, ನಮ್ಮೂರಿಗೆ ಕುಲುಮೆಯ ಪೊಟ್ಟಣ ಎಂಬಂತೆ ಆಗಬಾರದು. ಎರಡನೇ ವರ್ಗವನ್ನು ಒಡೆದು, ಒಂದೇ ಜಾತಿಯ ಪ್ಲಾಸ್ಟಿಕ್‌ನ ಪೊಟ್ಟಣಕ್ಕೆ ಹಗುರ ಹೊರೆ, ಮಿಶ್ರ ಪೊಟ್ಟಣಕ್ಕೆ ಹೆಚ್ಚಿನ ಹೊರೆ ಹಾಕುವುದು ನಮ್ಮಿಂದಲೂ ಸಾಧ್ಯ. ಸಣ್ಣ ಕಾಫಿಪುಡಿ ಉದ್ಯಮಗಳಿಗೆ ಸ್ವಲ್ಪ ಕಾಲಾವಕಾಶ ಕೊಡಲಿ.

ಇನ್ನೊಂದು ಪ್ರಶ್ನೆ ನಮಗೇ ಕೇಳಿಕೊಳ್ಳಬೇಕು. ಎಲ್ಲದಕ್ಕೂ ಇಷ್ಟು ಗಟ್ಟಿ ತಡೆ ಬೇಕೇ? ನಮ್ಮ ಮನೆಗೆ ಕಾಫಿಪುಡಿ ಬರುವುದು ಬೀದಿ ಕೊನೆಯ ಅಂಗಡಿಯಿಂದ. ಕಣ್ಣೆದುರೇ ಬೀಜ ಪುಡಿ ಮಾಡಿ, ಕಾಗದದ ಕವರ್‌ಗೆ ತುಂಬಿ ಕೊಡುತ್ತಾರೆ. ವಾರದಲ್ಲಿ ಮುಗಿಯುವ ಪುಡಿಗೆ ಅಮ್ಮನ ಸ್ಟೀಲ್ ಡಬ್ಬಿ ಸಾಕು. ದೂರ ಹೋಗಬೇಕಾದ, ಬಹುಕಾಲ ಉಳಿಯಬೇಕಾದ ಆಹಾರಕ್ಕೆ ಮಾತ್ರ ಈ ಪೊಟ್ಟಣ ಇರಲಿ, ಅದೂ ಮರುಬಳಕೆಯಾಗುವಂಥದ್ದು.

ಆ ಅಕ್ಕನ ಸಂಪಾದನೆ ನಿಂತಿರುವುದು ಮಾರಾಟವಾಗುವ ಚೀಲಗಳ ಮೇಲೆ. ಮೂಲೆಯ ರಾಶಿಯನ್ನೂ ಅವರು ಅಷ್ಟೇ ಹೊತ್ತು ಕೂತು ಆರಿಸುತ್ತಾರೆ, ಕೂಲಿ ಮಾತ್ರ ಹುಟ್ಟುವುದಿಲ್ಲ. ನಿಯಮ ಬರೆಯುವವರು ಪೊಟ್ಟಣಕ್ಕೆ ಅಂಕ ಕೊಡುವ ಮೊದಲು ಒಂದು ದಿನ ಆ ರಾಶಿಯ ಪಕ್ಕ ಕೂತು ಬರಲಿ.