ದಾದಿಯ ಸಂಬಳಕ್ಕೂ ಜೋಳಿಗೆಯೇ?

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿ ಮುದುಕರನ್ನು ಹುಡುಕಿಕೊಂಡು ಬರುವುದಲ್ಲ. ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ದುಡಿದು ಸಂಸಾರ ನಡೆಸುವ ಹೊತ್ತಿನಲ್ಲಿ, ಹೆಚ್ಚಾಗಿ ಹೆಂಗಸರನ್ನು ಅದು ಹಿಡಿಯುತ್ತದೆ. ನರಗಳ ಹೊದಿಕೆ ಕೆಟ್ಟು ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಬೇರುಸಹಿತ ಕೀಳುವ ಮದ್ದು ಇಂದಿಗೂ ಇಲ್ಲ.

ಇಂಥವರಿಗೆ ಅಪರೂಪಕ್ಕೊಮ್ಮೆ ಹತ್ತು ನಿಮಿಷ ಕಾಣಸಿಗುವ ತಜ್ಞ ವೈದ್ಯರಷ್ಟೇ ಸಾಕೆ? ಸಾಲದೆಂದು ಬ್ರಿಟನ್ ಕಂಡುಕೊಂಡಿತು. ಅಲ್ಲಿ 1990ರ ದಶಕದಿಂದ ಈ ರೋಗಕ್ಕೆಂದೇ ತರಬೇತಿ ಪಡೆದ ದಾದಿಯರು ಬಂದರು. ಬೀಟಾ ಇಂಟರ್‌ಫೆರಾನ್ ಮೊದಲಾದ ದುಬಾರಿ ಮದ್ದುಗಳನ್ನು ಸರ್ಕಾರಿ ಆರೋಗ್ಯ ಸೇವೆಯಲ್ಲಿ ಕೊಡುವ ಯೋಜನೆ 2002ರಲ್ಲಿ ಬಂದಾಗ ಅವರ ಸಂಖ್ಯೆ ಏರಿತು.

ಮೂತ್ರದ ಸೋಂಕಿನಿಂದ ಜ್ವರ ಬಂದರೆ ಈ ರೋಗಿಯ ಕಾಲಿನ ಬಲ ಕುಸಿಯುತ್ತದೆ. ರೋಗವೇ ಉಲ್ಬಣಿಸಿತೆಂದು ಮನೆಯವರು ಗಾಬರಿಯಿಂದ ಆಸ್ಪತ್ರೆಗೆ ಓಡುತ್ತಾರೆ. ಬಲ್ಲ ದಾದಿ ಫೋನಿನಲ್ಲೇ ವಿಚಾರಿಸಿ ಮೊದಲು ಮೂತ್ರಪರೀಕ್ಷೆ ಮಾಡಿಸುತ್ತಾಳೆ. ಚುಚ್ಚುಮದ್ದು ಕಲಿಸುವವಳೂ ಆಕೆಯೇ, ಮದ್ದಿನ ದುಷ್ಪರಿಣಾಮಕ್ಕಾಗಿ ರಕ್ತಪರೀಕ್ಷೆಯ ಮೇಲೆ ಕಣ್ಣಿಡುವವಳೂ ಆಕೆಯೇ. ಹಾಸಿಗೆ ಹುಣ್ಣಾಗುವ ಮುನ್ನವೇ ಎಚ್ಚರಿಸುವವಳೂ ಆಕೆಯೇ.

ಆದರೂ ಖರ್ಚು ಕಡಿತವೆಂದೊಡನೆ ಲೆಕ್ಕಿಗರ ಕತ್ತರಿ ಮೊದಲು ಹುಡುಕುವುದು ಇಂಥ ಹುದ್ದೆಗಳನ್ನೇ! ಒಬ್ಬ ದಾದಿಗೆ 315 ರೋಗಿಗಳಿಗಿಂತ ಹೆಚ್ಚು ಹೊರೆ ಸಲ್ಲದೆಂದು ಅಲ್ಲಿನ ಎಂ.ಎಸ್. ಟ್ರಸ್ಟ್ ಹೇಳಿದೆ, ಅದನ್ನು ಮೀರಿ ಹೊತ್ತು ಬಳಲಿದವರು ಹಲವರು. ಎಷ್ಟೋ ಹುದ್ದೆಗಳು ಧರ್ಮಸಂಸ್ಥೆಗಳ ದೇಣಿಗೆಯಿಂದಲೋ ಔಷಧಿ ಕಂಪನಿಗಳ ಹಣದಿಂದಲೋ ಆರಂಭವಾದವು. ಮದ್ದು ಮಾರುವವನ ಹಣದಲ್ಲಿ ದಾದಿಯನ್ನು ನೇಮಿಸುವುದು ಯಾವ ನ್ಯಾಯ? ದಾನಿಯ ಮನಸ್ಸು ತಿರುಗಿದರೆ ರೋಗಿಯ ಗತಿಯೇನು?

1948ರಲ್ಲಿ ಆ ಸೇವೆಯನ್ನು ಕಟ್ಟಿದ ಅನೂರಿನ್ ಬೆವನ್, 1951ರಲ್ಲಿ ಕನ್ನಡಕಕ್ಕೂ ಕಟ್ಟಿಸಿದ ಹಲ್ಲಿಗೂ ಶುಲ್ಕ ಹೇರಲು ಹೊರಟಾಗ ಮಂತ್ರಿಪದವಿಯನ್ನೇ ಎಸೆದು ಬಂದರು. ಆರೈಕೆ ಹಕ್ಕು, ಭಿಕ್ಷೆಯಲ್ಲ ಎಂಬುದೇ ಆ ಸೇವೆಯ ಬುನಾದಿ.

ನಮ್ಮ ದೇಶವೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವೈಕಲ್ಯಗಳಲ್ಲಿ ಈ ರೋಗವನ್ನು ಸೇರಿಸಿದೆ. ಕಾಗದದ ಮೇಲಿನ ಹೆಸರು ಯಾರ ಕೈಯನ್ನೂ ಹಿಡಿದು ನಡೆಸದು. ನಮ್ಮ ದಾದಿಯರು ಸಮುದ್ರ ದಾಟಿ ಬ್ರಿಟನ್ನಿನ ರೋಗಿಗಳನ್ನು ನೋಡಿಕೊಳ್ಳುತ್ತಿದ್ದಾರೆ. ಆ ಕೌಶಲಕ್ಕೆ ಇಲ್ಲಿಯೂ ತರಬೇತಿ, ಕಾಯಂ ಹುದ್ದೆ, ತಕ್ಕ ಸಂಬಳ ದೊರೆಯಬೇಕು. ಅದು ಸರ್ಕಾರದ ಬೊಕ್ಕಸದಿಂದಲೇ ಬರಬೇಕು. ಅಲ್ಲಿಗೂ ಇಲ್ಲಿಗೂ ನಮ್ಮ ಬೇಡಿಕೆ ಒಂದೇ.