ಕಾರವಾರ ನಮ್ಮದು, ಅದರ ಪಾತ್ರೆ?

ಹೊರನಾಡಿನ ಕನ್ನಡ ಸಂಘವೊಂದು ರಾಜ್ಯೋತ್ಸವದ ಅಂಗವಾಗಿ ‘ಕನ್ನಡ ನಾಡಿನ ಊಟ’ ಎಂಬ ಮೇಳವನ್ನು ಏರ್ಪಡಿಸಿತ್ತು. ಸಂಘದ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ನಮ್ಮ ಎಷ್ಟೋ ಸಂಘಗಳಲ್ಲಿ ನಡೆದಿರಬಹುದಾದ, ನಾಳೆಯೂ ನಡೆಯಬಹುದಾದ ಸಂಗತಿಯಿದು. ಮೇಳದ ಸಿದ್ಧತಾ ಸಭೆಯಲ್ಲಿ ಸದಸ್ಯೆಯೊಬ್ಬರು ಎದ್ದು ನಿಂತರು. ಕಾರವಾರ ಮೂಲದ ಕ್ರೈಸ್ತ ಮಹಿಳೆ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ತಮ್ಮ ಮನೆಯ ಅಡುಗೆಯಾದ ಚೋರಿಸಿನ ಗಸಿಯನ್ನು, ಅಂದರೆ ಹಂದಿಮಾಂಸದ ಸಾಸೇಜನ್ನು ಬಟಾಟೆ, ಈರುಳ್ಳಿ, ಅಲಸಂದೆಗಳೊಂದಿಗೆ ಬೇಯಿಸಿದ ದಪ್ಪನೆಯ ಗಸಿಯನ್ನು, ಒಂದು ಮೇಜಿನ ಮೇಲಿಟ್ಟು ಬಡಿಸುವ ಇಚ್ಛೆಯನ್ನು ಅವರು ವಿನಯದಿಂದಲೇ ಮುಂದಿಟ್ಟರು. ಕ್ಷಣಕಾಲ ಸಭೆ ಸ್ತಬ್ಧವಾಯಿತು. ಅನಂತರ ಹಿರಿಯ ಸದಸ್ಯರೊಬ್ಬರು ನಕ್ಕು, “ಅದು ಗೋವೆಯವರ ಊಟವಲ್ಲವೇ ತಾಯಿ, ಕನ್ನಡದ್ದಲ್ಲವಲ್ಲ” ಎಂದರು. ಸಮಿತಿಯ ಒಂಬತ್ತು ಜನರಲ್ಲಿ ಒಬ್ಬರೂ ಪ್ರತಿನುಡಿಯಲಿಲ್ಲ. ಮುಂದಿನ ವಿಷಯಕ್ಕೆ ಹೋದೆವು. ಬಿಸಿಬೇಳೆ ಭಾತಿಗೆ ಎಷ್ಟು ಕಿಲೋ ತುಪ್ಪ ಎಂಬುದು ಆ ವಿಷಯ.

ಆ ಒಂಬತ್ತು ಜನರಲ್ಲಿ ನಾನೂ ಒಬ್ಬ. ಆ ಸಭೆಯ ಹಿಂದಿನ ರಾತ್ರಿ ನನ್ನ ಮನೆಯ ಒಲೆಯ ಮೇಲೆ ಕುದಿದದ್ದೂ ಅದೇ ಗಸಿ.

ಸರಕಾರಿ ಸೇವೆ ನನಗೆ ಕಲಿಸಿದ ಒಳ್ಳೆಯ ಅಭ್ಯಾಸಗಳಲ್ಲಿ ಒಂದು, ಸಭೆಯ ನಿರ್ಣಯ ತಪ್ಪೆನಿಸಿದಾಗ ಕಡತದಲ್ಲಿ ಭಿನ್ನಮತದ ಟಿಪ್ಪಣಿ ಬರೆಯುವುದು. ಕಚೇರಿಯಲ್ಲಿ ಅನೇಕ ಸಲ ಬರೆದಿದ್ದೇನೆ. ನನ್ನದೇ ಭಾಷೆಯ ಸಂಘದಲ್ಲಿ ಬರೆಯಲಿಲ್ಲ. ಈ ಲೇಖನ ಆ ಟಿಪ್ಪಣಿಯೆಂದು ಓದುಗರು ತಿಳಿಯಬೇಕು. ತಡವಾಗಿದೆ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ.

ಧಾರವಾಡದ ಶುದ್ಧ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿದವನು ನಾನು. ಏಕಾದಶಿಯಂದು ಈರುಳ್ಳಿಯೂ ಅಡುಗೆಮನೆಯ ಹೊರಗೆ ಉಳಿಯುತ್ತಿದ್ದ ಮನೆ. ಸೇವೆಯ ಮೊದಲ ವರ್ಷಗಳಲ್ಲಿ ವಾಸ್ಕೋಗೆ ವರ್ಗವಾದಾಗ ಕ್ರೈಸ್ತ ವೃದ್ಧೆಯೊಬ್ಬರ ಮನೆಯ ಹಿಂಭಾಗದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದೆ. ಅವರ ಅಡುಗೆಮನೆಯ ಅಟ್ಟದಿಂದ ಜಪಮಾಲೆಗಳಂತೆ ಕೆಂಪು ಸರಗಳು ತೂಗಾಡುತ್ತಿದ್ದವು. ಅವು ಚೋರಿಸ್ ಎಂದು ತಿಳಿಯಲು ಒಂದು ವಾರ, ತಿನ್ನಲು ಎರಡು ವರ್ಷ, ಮಾಡಲು ಕಲಿಯಲು ಇನ್ನೊಂದು ವರ್ಷ ಬೇಕಾಯಿತು.

ಗೋವೆಯಲ್ಲಿ ಮಳೆಗಾಲವೆಂದರೆ ಕಡಲು ಮುಚ್ಚುವ ಕಾಲ. ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಹಾಗಾಗಿ ಮೇ ತಿಂಗಳಲ್ಲೇ ಮನೆಮನೆಯಲ್ಲೂ ಮಳೆಗಾಲದ ದಾಸ್ತಾನು ಸಿದ್ಧವಾಗುತ್ತದೆ. ಅದಕ್ಕೆ ಅಲ್ಲಿಯವರು ‘ಪುರುಮೆಂತ್’ ಎನ್ನುತ್ತಾರೆ. ಪೋರ್ಚುಗೀಸ್ ಭಾಷೆಯಿಂದ ಬಂದ ಪದ. ಒಣಮೀನು, ಹುಣಿಸೆ, ಮೆಣಸಿನಕಾಯಿ, ಉಪ್ಪಿನಕಾಯಿಗಳ ಜತೆಗೆ ಚೋರಿಸ್. ನಮ್ಮ ಅಜ್ಜಿಯರು ಹಪ್ಪಳ, ಸಂಡಿಗೆಗಳನ್ನು ಬಿಸಿಲಿಗೆ ಹರಡಿದ ಉದ್ದೇಶವೇ ಅಲ್ಲಿಯದೂ. ಹಂದಿಯ ಮಾಂಸ, ಕೊಬ್ಬುಗಳನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಉಪ್ಪು ಹಚ್ಚಿ ನೀರು ಬಸಿಯಬೇಕು. ಅನಂತರ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಅರಿಸಿನ, ಜೀರಿಗೆ, ಕರಿಮೆಣಸು, ಲವಂಗ, ದಾಲ್ಚಿನ್ನಿಗಳನ್ನು ತೆಂಗಿನ ಸೇಂದಿಯಿಂದ ತಯಾರಾದ ವಿನಿಗರಿನಲ್ಲಿ ಅರೆದು, ಆ ಮಸಾಲೆಯಲ್ಲಿ ಮಾಂಸವನ್ನು ಒಂದೆರಡು ದಿನ ನೆನೆಯಿಡಬೇಕು. ಬಳಿಕ ತೊಳೆದ ಕರುಳಿನ ಚೀಲದಲ್ಲಿ ತುಂಬಿ, ಮಣಿಮಣಿಯಾಗಿ ದಾರದಿಂದ ಬಿಗಿದು, ಬಿಸಿಲಿಗೋ ಒಲೆಯ ಹೊಗೆಗೋ ಒಡ್ಡಬೇಕು. ಉಪ್ಪು, ಹುಳಿ, ಹೊಗೆ: ಶೀತಕಪೆಟ್ಟಿಗೆ ಇಲ್ಲದ ಕಾಲದ ವಿಜ್ಞಾನವಿದು.

ಗಸಿಯ ವಿಧಾನ ಅದಕ್ಕಿಂತ ಸರಳ. ನಾಲ್ಕು ಜನರಿಗೆ ಕಾಲು ಕಿಲೋ ಚೋರಿಸ್ ಧಾರಾಳವಾಯಿತು. ಅಲಸಂದೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ ಬೆಳಿಗ್ಗೆ ಮೆತ್ತಗೆ ಬೇಯಿಸಿಟ್ಟುಕೊಳ್ಳಬೇಕು. ಚೋರಿಸಿನ ದಾರ ಬಿಚ್ಚಿ, ಮೇಲಿನ ಚೀಲವನ್ನು ಸೀಳಿ ತೆಗೆದು, ಒಳಗಿನ ಮಾಂಸವನ್ನು ದಪ್ಪ ತಳದ ಪಾತ್ರೆಗೆ ಹಾಕಿ ಒಂದು ಲೋಟ ನೀರೆರೆದು ಸಣ್ಣ ಉರಿಯಲ್ಲಿಡಬೇಕು. ಎಣ್ಣೆ ಹಾಕಲೇಬಾರದು. ಅರ್ಧ ಗಂಟೆಯಲ್ಲಿ ನೀರು ಇಂಗಿ, ಕೊಬ್ಬು ಕರಗಿ, ಪಾತ್ರೆಯ ಅಂಚಿನಲ್ಲಿ ಕುಂಕುಮದ ಬಣ್ಣದ ಜಿಡ್ಡು ತೇಲುತ್ತದೆ. ಮೂರು ಈರುಳ್ಳಿಗಳನ್ನು ದಪ್ಪವಾಗಿ ಹೆಚ್ಚಿ ಆ ಜಿಡ್ಡಿನಲ್ಲೇ ಬಾಡಿಸಿ, ನಾಲ್ಕು ಬಟಾಟೆಗಳ ಹೋಳುಗಳನ್ನೂ ಬೆಂದ ಅಲಸಂದೆಯನ್ನೂ ಅದರ ಕಟ್ಟನ್ನೂ ಸೇರಿಸಿ ಮುಚ್ಚಬೇಕು. ಬಟಾಟೆ ಬೆಂದು ಅಂಚು ಕರಗಿ ಗಸಿ ತಾನಾಗಿ ದಪ್ಪವಾಗುತ್ತದೆ. ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು. ಚೋರಿಸಿನಲ್ಲಿ ಆಗಲೇ ಸಾಕಷ್ಟಿರುತ್ತದೆ. ಮರುದಿನ ರುಚಿ ಇನ್ನೂ ಹೆಚ್ಚು. ಇಡೀ ಅಡುಗೆಯ ಮರ್ಮ ಮಿತವ್ಯಯದಲ್ಲಿದೆ. ಸ್ವಲ್ಪ ಮಾಂಸ ಬಹಳಷ್ಟು ಕಾಳಿಗೂ ಗೆಡ್ಡೆಗೂ ರುಚಿ ಕೊಡಬೇಕು. ಸಂಬಳದ ಕೊನೆಯ ವಾರವನ್ನು ಬಲ್ಲ ಗೃಹಿಣಿಯ ಅಡುಗೆಯಿದು.

ಈಗ ಆ ಪಾತ್ರೆಯೊಳಗೆ ಇಣುಕಿ ನೋಡೋಣ. ಕೊಂಕಣದುದ್ದಕ್ಕೂ ‘ಬೇಡ್ಗಿ’ ಎಂದು ಕೇಳಿ ಕೊಳ್ಳುವ ಕೆಂಪು ಮೆಣಸಿನಕಾಯಿ ಹಾವೇರಿ ಜಿಲ್ಲೆಯ ನಮ್ಮ ಬ್ಯಾಡಗಿಯದು. ಖಾರ ಕಡಿಮೆ, ಬಣ್ಣ ಗಾಢ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ನನ್ನ ಮನೆಯೊಡತಿ ತಮ್ಮ ಚೋರಿಸಿಗೆ ಬಳಸುತ್ತಿದ್ದುದು ಅದನ್ನೇ. ಗೋವೆಯ ಸಂತೆಯ ತರಕಾರಿಯಲ್ಲಿ ಬಹುಪಾಲು ಬೆಳಗಾವಿಯಿಂದ ಘಟ್ಟವಿಳಿದು ಬರುತ್ತದೆ. ಕಾಳಿನ ಹೆಸರು ಕನ್ನಡದಲ್ಲಿ ಅಲಸಂದೆ, ಕೊಂಕಣಿಯಲ್ಲಿಯೂ ಹೆಚ್ಚುಕಡಿಮೆ ಅದೇ. ಆ ವೃದ್ಧೆ ಬೆಳಗಾವಿಯ ವ್ಯಾಪಾರಿಗಳೊಡನೆ ಚೌಕಾಸಿ ಮಾಡುತ್ತಿದ್ದುದು ಕನ್ನಡದಲ್ಲಿ. “ಎಷ್ಟ ಹೇಳ್ತಿ, ಕಡಿಮಿ ಮಾಡು” ಎಂಬ ನನ್ನೂರಿನ ಮಾತನ್ನು ಆ ಊರಿನಲ್ಲಿ ನಾನು ಮೊದಲು ಕೇಳಿದ್ದು ಆಕೆಯ ಬಾಯಿಂದ.

“ಆದರೂ ಅದು ಪರದೇಶದ್ದು, ಪೋರ್ಚುಗೀಸರು ತಂದದ್ದು” ಎನ್ನುವವರಿದ್ದಾರೆ. ನಿಜ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು, 1961ರವರೆಗೆ ಬಿಡಲಿಲ್ಲ. ಸಾಸೇಜಿನ ಈ ಕ್ರಮ ಅವರದೇ. ಆದರೆ ಮೆಣಸಿನಕಾಯಿಯೂ ಬಟಾಟೆಯೂ ಗೋಡಂಬಿಯೂ ಅಮೆರಿಕ ಖಂಡದಿಂದ ಅದೇ ಹಡಗುಗಳ ದಾರಿಯಲ್ಲಿ ಬಂದವು. ಅದಕ್ಕೆ ಮೊದಲು ನಮ್ಮ ಅಡುಗೆಯ ಖಾರ ಕರಿಮೆಣಸಿನದು. ‘ಮೆಣಸಿನಕಾಯಿ’ ಎಂಬ ಪದದ ಹೊಟ್ಟೆಯಲ್ಲೇ ಆ ‘ಮೆಣಸು’ ಕುಳಿತು ಸಾಕ್ಷಿ ಹೇಳುತ್ತಿದೆ. ಪರದೇಶದ್ದೆಂಬ ಕಾರಣಕ್ಕೆ ಚೋರಿಸ್ ಕನ್ನಡದ್ದಲ್ಲವಾದರೆ, ಮೇಳದ ಬಿಸಿಬೇಳೆ ಭಾತಿನಿಂದ ಮೆಣಸಿನಕಾಯಿಯನ್ನೂ ಗೋಡಂಬಿಯನ್ನೂ ಹೆಕ್ಕಿ ತೆಗೆದು ಬಡಿಸುವ ಧೈರ್ಯವನ್ನು ಸಮಿತಿ ತೋರಬೇಕಿತ್ತು.

ಇನ್ನು ಕೆಲವರ ಆಕ್ಷೇಪ ಸಂಸ್ಕೃತಿಯದು. ಹಂದಿಯ ಮಾಂಸ ನಮ್ಮ ಪರಂಪರೆಗೆ ಸಲ್ಲದಂತೆ. ಯಾರ ಪರಂಪರೆ? 12ನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಸಂಸ್ಕೃತದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣವನ್ನು ತೆರೆದು ನೋಡಬಹುದು. ಹಂದಿಯ ರೋಮವನ್ನು ತೆಗೆಯುವ ಬಗೆ, ಸುಡುವ ಬಗೆ, ತುಂಡರಿಸಿ ಹದಗೊಳಿಸುವ ಬಗೆ ಎಲ್ಲವೂ ಅಲ್ಲಿವೆ. ಆ ಕಲ್ಯಾಣ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕೊಡಗಿನ ಪಂದಿಕರಿಯನ್ನು, ಅದಕ್ಕೆ ಹುಳಿಯೂಡುವ ಕಾಚಂಪುಳಿಯನ್ನು ಬಲ್ಲವರು ಯಾರೂ ಈ ಆಕ್ಷೇಪವನ್ನು ಎತ್ತಲಾರರು. 2014ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಐದರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು. ಅವರೆಲ್ಲ ಹಂದಿಯನ್ನು ತಿನ್ನುತ್ತಾರೆಂದು ನಾನು ವಾದಿಸುತ್ತಿಲ್ಲ. ಆದರೆ ನಾಲ್ವರ ತಟ್ಟೆಯನ್ನು ಬದಿಗಿಟ್ಟು ಒಬ್ಬನ ಎಲೆಯನ್ನು ‘ಕನ್ನಡ ನಾಡಿನ ಊಟ’ವೆಂದು ಹೊರನಾಡಿನವರ ಮುಂದೆ ಪ್ರದರ್ಶಿಸುವ ಹಕ್ಕನ್ನು ನಮಗೆ ಕೊಟ್ಟವರು ಯಾರು?

ಗಂಭೀರವಾದ ಆಕ್ಷೇಪ ಒಂದೇ ಒಂದಿದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಮಾಂಸದ ವಾಸನೆಯನ್ನೇ ಸಹಿಸದ ಸದಸ್ಯರಿದ್ದಾರೆ. ನನ್ನ ತಾಯಿ ಬದುಕಿದ್ದರೆ ಆ ಸಭಾಂಗಣಕ್ಕೆ ಕಾಲಿಡುತ್ತಿರಲಿಲ್ಲ. ಹಂದಿ ನಿಷಿದ್ಧವಾದ ಮುಸಲ್ಮಾನ ಸದಸ್ಯರಿದ್ದಾರೆ, ಅವರೂ ಕನ್ನಡಿಗರೇ. ಇವರ ಮನಸ್ಸು ನೋಯಬಾರದು. ಅದಕ್ಕೆ ಉಪಾಯ ಕಠಿಣವಲ್ಲ. ಬೇರೆ ಒಲೆ, ಬೇರೆ ಸೌಟು, ಅಂಗಳದ ಆಚೆ ತುದಿಯಲ್ಲೊಂದು ಮೇಜು, ಇದರಲ್ಲಿ ಏನಿದೆಯೆಂದು ದೊಡ್ಡಕ್ಷರದಲ್ಲಿ ಬರೆದ ಒಂದು ಹಲಗೆ. ಸಭೆಯಲ್ಲಿ ಯಾರಾದರೂ “ನಾನು ತಿನ್ನುವುದಿಲ್ಲ, ನನ್ನ ಹತ್ತಿರ ಬೇಡ” ಎಂದಿದ್ದರೆ ಅದು ಗೌರವಿಸಬೇಕಾದ ಮಾತಾಗುತ್ತಿತ್ತು, ಅದಕ್ಕೆ ವ್ಯವಸ್ಥೆಯನ್ನೂ ಮಾಡಬಹುದಿತ್ತು. ಅಲ್ಲಿ ಆಡಿದ ಮಾತು ಅದಲ್ಲ. “ಅದು ಕನ್ನಡದ್ದಲ್ಲ” ಎಂದರು. ತನ್ನ ನಾಲಗೆಯ ಬಗ್ಗೆ ಹೇಳಬೇಕಾದದ್ದನ್ನು ನಾಡಿನ ಬಗ್ಗೆ ಹೇಳಿದರು. ತಟ್ಟೆಯನ್ನು ನಿರಾಕರಿಸುವ ನೆಪದಲ್ಲಿ ಮನುಷ್ಯರನ್ನು ನಿರಾಕರಿಸಿದರು.

ಈ ಮನುಷ್ಯರು ಯಾರು? ಗೋವೆಯಲ್ಲಿ 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಸ್ಥಾಪನೆಯಾದ ಮೇಲೆ ಅದರ ಹಿಂಸೆಗೆ, ಕ್ಷಾಮಕ್ಕೆ, ಯುದ್ಧಗಳಿಗೆ ಹೆದರಿ ತಂಡತಂಡವಾಗಿ ತೆಂಕಣ ಕರಾವಳಿಗೆ ವಲಸೆ ಬಂದವರಲ್ಲಿ ಹಿಂದೂಗಳಂತೆ ಕ್ರೈಸ್ತರೂ ಇದ್ದರು. ಕೆಳದಿಯ ಅರಸರು ಅಂಥ ಕ್ರೈಸ್ತ ಕೃಷಿಕರಿಗೆ ಭೂಮಿ ಕೊಟ್ಟು ನೆಲೆ ನೀಡಿದರು. ಅವರ ಮಂಗಳೂರಿನ ಬಂಧುಗಳು ತಮ್ಮ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ; 1938ರಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆ ಮೊದಲಿನಿಂದಲೂ ಕನ್ನಡ ಅಕ್ಷರಗಳಲ್ಲೇ ಅಚ್ಚಾಗುತ್ತ ಬಂದಿದೆ. ಕೆಳದಿಯ ದೊರೆಗಳು ಹೊಲವನ್ನೇ ಕೊಟ್ಟರು. ನಾವು ಒಂದು ಮೇಜನ್ನು ಕೊಡಲಾರದೆ ಹೋದೆವು.

ಹೊರನಾಡಿನಲ್ಲಿ, ಅದರಲ್ಲೂ ಮಹಾರಾಷ್ಟ್ರದಲ್ಲಿ ಇರುವ ನಮಗೆ ಗಡಿಯ ಪ್ರಶ್ನೆ ಹೊಸದಲ್ಲ. ಯಾರಾದರೂ ಕಾರವಾರದ ಮಾತೆತ್ತಿದರೆ ನಾವು ಮಹಾಜನ ಆಯೋಗದ 1967ರ ವರದಿಯನ್ನು ಹಿಡಿದು ಎದ್ದು ನಿಲ್ಲುತ್ತೇವೆ. ಅಲ್ಲಿಯ ಜನ ಕೊಂಕಣಿ ಆಡಿದರೂ ಕನ್ನಡ ನಾಡಿನವರೇ ಎಂದು ವಾದಿಸುತ್ತೇವೆ. ಸರಿಯಾದ ವಾದ. ಆದರೆ ಆ ಕಾರವಾರದ ಹೆಣ್ಣುಮಗಳೊಬ್ಬಳು ತನ್ನ ಮನೆಯ ಪಾತ್ರೆಯನ್ನು ಹೊತ್ತು ನಮ್ಮ ಬಾಗಿಲಿಗೆ ಬಂದಾಗ ಆಕೆಯನ್ನು ‘ಗೋವೆಯವಳು’ ಮಾಡಿ ಕಳಿಸುತ್ತೇವೆ. ನಕಾಶೆಗೆ ಕಾರವಾರ ಬೇಕು, ಪಂಕ್ತಿಗೆ ಬೇಡ. ಎದುರಾಳಿಗಳು ಆಡಬೇಕಾಗಿದ್ದ ವಾದವನ್ನು ಅಂದು ನಾವೇ ಅವರ ಪರವಾಗಿ ಆಡಿಕೊಟ್ಟೆವು ಎಂಬ ಅರಿವು ಆ ಸಭೆಯಲ್ಲಿ ಯಾರಿಗಾದರೂ ಇತ್ತೇ?

ನನ್ನ ಅಪರಾಧ ಉಳಿದ ಎಂಟು ಜನರದಕ್ಕಿಂತ ದೊಡ್ಡದು. ಅವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಇಷ್ಟು ವರ್ಷ ಸಂಘದ ಮಿತ್ರರು ಮನೆಗೆ ಬರುವರೆಂದರೆ ನಾನು ಆ ಪಾತ್ರೆಯನ್ನು ಶೀತಕಪೆಟ್ಟಿಗೆಯ ಹಿಂಬದಿಗೆ ತಳ್ಳಿ, ಕಿಟಕಿಗಳನ್ನು ತೆರೆದು, ಊದುಬತ್ತಿ ಹಚ್ಚುತ್ತಿದ್ದೆ. ಇದನ್ನು ಓದುತ್ತಿರುವವರಲ್ಲಿ ಹೀಗೆ ಊದುಬತ್ತಿ ಹಚ್ಚಿದವನು ನಾನೊಬ್ಬನೇ ಅಲ್ಲವೆಂದು ಬಲ್ಲೆ. ಮೂವತ್ತು ವರ್ಷ ಪರನಾಡಿನಲ್ಲಿ ಬಾಳಿದವನ ಅಡುಗೆಮನೆ ಹುಟ್ಟೂರಿನ ಅಡುಗೆಮನೆಯಾಗಿ ಉಳಿದಿರುವುದು ಅಪರೂಪ. ಮನೆಯಲ್ಲಿ ಉಣ್ಣುವುದು ಒಂದು, ಸಂಘದಲ್ಲಿ ಮೆರೆಯುವುದು ಇನ್ನೊಂದು. ನನ್ನ ಮಗಳು ಒಮ್ಮೆ ಕೇಳಿದಳು: “ಅಪ್ಪ, ಸಂಘದವರು ಬಂದರೆ ಯಾಕೆ ನಾವು ಬೇರೆಯವರಾಗುತ್ತೇವೆ?” ಉತ್ತರ ಕೊಡಲಾಗಲಿಲ್ಲ. ಆಕೆ ಈಗ ಸಂಘಕ್ಕೆ ಬರುವುದಿಲ್ಲ. ಯುವಜನರು ಬರುವುದಿಲ್ಲವೆಂದು ಪ್ರತಿ ವಾರ್ಷಿಕ ವರದಿಯಲ್ಲೂ ಮರುಗುವ ನಾವು ಈ ಪ್ರಶ್ನೆಯನ್ನೂ ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಆ ಸದಸ್ಯೆ ಮರುವರ್ಷ ಚಂದಾ ಕಟ್ಟಲಿಲ್ಲ. ಕಾರಣ ಕೇಳಿ ಯಾರೂ ಪತ್ರ ಬರೆಯಲಿಲ್ಲ. ನಾನು ಹೋಗಿ ಕ್ಷಮೆ ಕೇಳಿದೆ. ಆಕೆ ಜಗಳವಾಡಲಿಲ್ಲ. “ನಿಮ್ಮ ಗಸಿಗೆ ವಿನಿಗರು ಯಾವಾಗ ಹಾಕುತ್ತೀರಿ?” ಎಂದು ಕೇಳಿದರು. ಕೊನೆಯಲ್ಲಿ ಒಂದು ಚಮಚ ಎಂದೆ. “ತಪ್ಪು, ಈರುಳ್ಳಿ ಬಾಡುವಾಗಲೇ ಹಾಕಬೇಕು” ಎಂದರು. ಅಂದಿನಿಂದ ಹಾಗೆಯೇ ಮಾಡುತ್ತಿದ್ದೇನೆ.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹವಿಷ್ಟೇ. ಮುಂದಿನ ರಾಜ್ಯೋತ್ಸವದ ಮೇಳಕ್ಕೆ ‘ಕನ್ನಡ ನಾಡಿನ ಊಟ’ ಎಂಬ ಹೆಸರನ್ನು ಇಡುವುದಾದರೆ ನಾಡಿನಷ್ಟೇ ಅಗಲದ ಪಂಕ್ತಿಯನ್ನು ಹಾಕಬೇಕು. ಅದಾಗದಿದ್ದರೆ ‘ನಮ್ಮ ಕೆಲವರ ಊಟ’ ಎಂದು ಪ್ರಾಮಾಣಿಕವಾಗಿ ಹೆಸರು ಬದಲಿಸಬೇಕು. ಬಿಸಿಬೇಳೆ ಭಾತು ಇರಲಿ, ಹೋಳಿಗೆ ಇರಲಿ; ಪಂದಿಕರಿಯೂ ಕೋಳಿಸಾರೂ ಚೋರಿಸಿನ ಗಸಿಯೂ ಬೇರೆ ಒಲೆಯ ಮೇಲೆ, ಬೇರೆ ಮೇಜಿನಲ್ಲಿ, ಹೆಸರು ಹೊತ್ತು ನಿಲ್ಲಲಿ. ಯಾರೂ ಯಾರ ತಟ್ಟೆಗೂ ಕೈ ಹಾಕಬೇಕಾಗಿಲ್ಲ. ಸಮಿತಿ ಒಪ್ಪಿದರೆ ಆ ಸದಸ್ಯೆಯನ್ನು ಕರೆತರುವ ಹೊಣೆ ನನ್ನದು. ಆಕೆ ಬಾರದಿದ್ದರೆ ಆ ಮೇಜಿನ ಹಿಂದೆ ಸೌಟು ಹಿಡಿದು ನಾನೇ ನಿಲ್ಲುತ್ತೇನೆ. ಒಪ್ಪಿಗೆಯನ್ನು ಒಂದು ದಿನ ಮೊದಲೇ ತಿಳಿಸಿದರೆ ಸಾಕು. ಅಲಸಂದೆ ರಾತ್ರಿಯಿಡೀ ನೆನೆಯಬೇಕು.